ಬೀಗ ಹಾಕಿದ ಪಾಠ

ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಜಯನಗರದ ಸಂಗೀತದ ಟೀಚರ್ ಸತ್ಯಭಾಮಾ ತಮ್ಮ ಪಾಠಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದರು. ಅವು ಕೆಡದಿರಲೆಂದು ನಾನು ಸಿ ಭಾಷೆಯಲ್ಲೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದು ಪಾಠಗಳಿದ್ದ ಸಬ್‌ವಾಲ್ಯೂಮ್‌ನ, ಅಂದರೆ ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಭಾಗದ, ನಕಲು ತೆಗೆದು ಬೀಗ ಹಾಕುತ್ತಿತ್ತು. ಆ ನಕಲನ್ನು ಕೇಳಬಹುದು, ಬದಲಿಸಲಾಗದು.

ಟೀಚರ್ ತೀರಿಕೊಂಡ ಮೇಲೆ ಅವರ ಮಗಳು, ನನ್ನ ಗೆಳತಿ ಪ್ರಕೃತಿ, ಕೊನೆಯ ಪಾಠ ಕೇಳಬೇಕೆಂದಳು. ಮಧ್ಯಾಹ್ನ ಆ ನಕಲನ್ನು ಹಾಕಿದೆ. ಪ್ರಕೃತಿಯ ಹಾಡು, ತೊಡೆಯ ಮೇಲೆ ತಾಳ, ಟೀಚರ್ ದನಿ: “ಗಾಂಧಾರ ತಪ್ಪು. ಮತ್ತೆ ಹಾಡು.” ಆಮೇಲೆ ಬರೀ ತಾಳ.

“ಅವತ್ತು ಸಿಟ್ಟು ಮಾಡ್ಕೊಂಡು ಎದ್ದು ಹೋದೆ ಕಣೋ. ಮತ್ತೆ ಹಾಡ್ಲೇ ಇಲ್ಲ,” ಎಂದಳು.

ತಾಳ ಮುಗಿಯಲೇ ಇಲ್ಲ. ಕೊನೆಗೆ ಪ್ರಕೃತಿ ಅಳುತ್ತಲೇ ಅದಕ್ಕೆ ಹಾಡಿದಳು. ಆಗ ನಿಂತಿತು.

ಅನುಮಾನದಿಂದ ಅದೇ ನಕಲನ್ನು ಮತ್ತೆ ಹಾಕಿದೆ. ಅವಳ ಅಳುದನಿಯ ಹಾಡು ಅದರೊಳಗಿತ್ತು. ಅದರ ಬೆನ್ನಿಗೇ ಟೀಚರ್: “ಇನ್ನೂ ತಪ್ಪು. ಮತ್ತೆ ಹಾಡು.”

ಆ ಕಂಪ್ಯೂಟರಿನ ಮೈಕನ್ನು ಎಂದೋ ಬಿಚ್ಚಿಟ್ಟಿದ್ದೆವು. ನಕಲಿನ ಬೀಗ ಹಾಗೇ ಇದೆ. ಪ್ರಕೃತಿ ದಿನವೂ ಅದರ ಮುಂದೆ ಕೂತು ಹಾಡುತ್ತಿದ್ದಳು. ಈಗ ಗಂಟಲು ಕಟ್ಟಿ ದನಿಯೇ ಹೊರಡುತ್ತಿಲ್ಲ.

ತಾಳ ನಿಂತಿಲ್ಲ.