ಪಟ್ಟಿಯಲ್ಲಿ ಇಲ್ಲದವಳು

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಏಳು ಗಂಟೆ, ಪಾಳಿ ಬದಲಾಗುವ ಹೊತ್ತು. ಇಚಲಕರಂಜಿಯ ಆ ಗಲ್ಲಿಯಲ್ಲಿ ಅಂದು ಹಾಜರಿ ಕಾರ್ಡಿಗಾಗಿ ನೇಕಾರರು ಹೂಡಿದ್ದ ಸಂಪಿನ, ಮುಷ್ಕರದ, ಮೂರನೆಯ ದಿನ. ಮಾಲೀಕ ಭಾವುಸಾಹೇಬರ ಶೆಡ್ಡಿನಲ್ಲಿ ಹೊರಗಿನಿಂದ ತಂದ ನಾಲ್ಕು ಜನ ಮಾತ್ರ ಮಗ್ಗ ಓಡಿಸುತ್ತಿದ್ದರು.

ಸಪನಾ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಬುಟ್ಟಿಯ ತುಂಬ ಕಾಂಡಿ, ಲಾಳಿಯೊಳಗೆ ಕೂಡಿಸುವ ನೂಲಿನ ಸುತ್ತು. ಓಣಿಯ ಹೆಂಗಸರು ಅದನ್ನು ಮನೆಯಲ್ಲೇ ಸುತ್ತಿ ಕೊಡುತ್ತಿದ್ದರು.

ಶೆಡ್ಡಿನ ಬಾಗಿಲಲ್ಲಿ ಸಂಘದ ಮುಂದಾಳು, ನೇಕಾರ ರಾಜಕುಮಾರ ನಿಂತಿದ್ದ. ಒಂದು ಮಾತೂ ಕೇಳದೆ ಬುಟ್ಟಿ ಕಸಿದು ಗಟಾರಕ್ಕೆ ಬೋರಲು ಹಾಕಿದ.

“ಶೇಟಜಿ ಮನಿ ಚಾ ಭಾಳ ರುಚಿ ಹತ್ತೈತೇನು ನಿಮಗ?”

ಸಪನಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಳಬಾರದು... ಇವನ ಮುಂದೆ ಅಳಲೇಬಾರದು!

“ಚೆಲ್ಲಾಕ ಬರ್ತೈತಿ. ಸುತ್ತಾಕ ಬರ್ತೈತೇನ್ರಿ, ಲೀಡರ್?”

ಸುತ್ತಲಿನವರು ನಕ್ಕರು. ಅವಳು ಬಿಡಲಿಲ್ಲ.

“ಎಲ್ಲಾ ಕಾಮಗಾರರಿಗೂ ಹಾಜರಿ ಕಾರ್ಡ ಬೇಕಂತ ಮೊಬೈಲಿನಾಗ ಪಟ್ಟಿ ಕಳಿಸೀರಲ್ಲ, ಅದರಾಗ ಕಾಂಡಿಯವರ ಹೆಸರು ಎಲ್ಲೈತಿ? ತೋರಸ್ರಿ.”

ರಾಜಕುಮಾರ ಮೊಬೈಲು ತೆಗೆದು ನೋಡಿದ. ಇರಲಿಲ್ಲ. ತಲೆ ತಗ್ಗಿಸಿದ.

ಸಪನಾಳ ಅವ್ವ ನಾಗೂಬಾಯಿಗೆ ಈ ಕಥೆ ಹೊಸದಲ್ಲ. ಅವಳ ಹರೆಯದಲ್ಲಿ ದೊಡ್ಡ ಸಂಪಾಗಿತ್ತು. ಕಾಂಡಿಯ ಹೆಂಗಸರೂ ವಾರಗಟ್ಟಲೆ ಬಿಸಿಲಲ್ಲಿ ಕೂತಿದ್ದರು. ಒಪ್ಪಂದದ ದಿನ ಮಾತ್ರ ಅಡಿಗೆ ನೋಡಿಕೊಳ್ಳಿರೆಂದು ಅವರನ್ನು ಮನೆಗೆ ಕಳಿಸಿದರು. ಒಪ್ಪಂದದ ಕಾಗದದಲ್ಲಿ ನೇಕಾರರ ಹೆಸರುಗಳಷ್ಟೇ ಬಂದವು. ಅಂದಿನಿಂದ ಅವಳಿಗೆ ಯಾವ ಸಂಘದ ಬಾವುಟ ಕಂಡರೂ ಆಗದು.

ಸಪನಾ ದಿನವಿಡೀ ನೂಲು ಸುತ್ತುತ್ತ ರಾಜಕುಮಾರನನ್ನು ಬೈದಳು. ಆದರೂ ಒಂದು ವಿಷಯ ಚುಚ್ಚುತ್ತಿತ್ತು. ಅವನು ಜೋರು ಮಾಡಬಹುದಿತ್ತಲ್ಲ... ತಲೆ ಯಾಕೆ ತಗ್ಗಿಸಿದ?

ಅಂದು ಸಂಜೆಯ ಸಭೆಯಲ್ಲಿ ಪಟ್ಟಿಯಲ್ಲಿ ಕಾಂಡಿಯ ಹೆಂಗಸರ ಹೆಸರೂ ಸೇರಬೇಕೆಂದು ರಾಜಕುಮಾರ ಹಟ ಹಿಡಿದ. ಸಂಘದ ಪಟ್ಟಿಯೋ, ನಿನ್ನ ಮದುವೆಯ ಅಕ್ಷತೆಗೆ ಕರೆಯುವವರ ಪಟ್ಟಿಯೋ ಎಂದು ಗಂಡಸರು ಛೇಡಿಸಿದರು. ಕೊನೆಗೆ ಒಲ್ಲದ ಮನಸ್ಸಿನಿಂದ ಒಪ್ಪಿದರು. ಮರುದಿನ ಅವನು ಹೆಸರು ಬರೆಸುವ ವಹಿ ಹಿಡಿದು ಸಪನಾಳ ಮನೆಗೆ ಬಂದಾಗ ನಾಗೂಬಾಯಿ ಮುಖಕ್ಕೇ ಬಾಗಿಲು ಹಾಕಿದಳು. ಅವನು ಮಧ್ಯಾಹ್ನದವರೆಗೂ ಅಲ್ಲೇ ನಿಂತ.

ಸಪನಾ ಹೊರಗೆ ಬಂದಳು. “ಸಂಪ ಗೆಲ್ಲಾಕ ನಾವು ಬೇಕಾದ್ವಿ. ಅಷ್ಟ ಹೌದಲ್ರಿ?”

“ಹೌದ್ರಿ. ಕಾಂಡಿ ನಿಂತ್ರ ಮಗ್ಗ ನಿಲ್ತಾವ. ಸುಳ್ಳು ಯಾಕ ಹೇಳ್ಲಿ? ಮದಲ ಕೇಳಬೇಕಿತ್ತು. ತಪ್ಪು ನಮ್ದ.”

ಅವಳು ಸುಳ್ಳಿಗೆ ತಯಾರಾಗಿ ಬಂದಿದ್ದಳು. ನಿಜ ಹೇಳುವವನನ್ನು ಬೈಯುವುದು ಹೇಗೆಂದು ತಿಳಿಯಲಿಲ್ಲ. ವಹಿ ಇಸಿದುಕೊಂಡು ತನ್ನ ಹೆಸರು ಬರೆದಳು. ಅವ್ವ ಗೊಣಗುತ್ತಲೇ ಹೆಬ್ಬೆಟ್ಟು ಒತ್ತಿದಳು. ಸಂಜೆಗೆ ಹನ್ನೊಂದು ಹೆಂಗಸರಾದರು. ಯಾರೂ ಕಾಂಡಿ ಸುತ್ತಲಿಲ್ಲ; ಎರಡೇ ದಿನದಲ್ಲಿ ಶೆಡ್ಡಿನ ಮಗ್ಗಗಳು ನಿಂತವು. ಸಂಪಿನ ಸಾಲಿನಲ್ಲಿ ಸಪನಾ ದಿನಾ ರಾಜಕುಮಾರನನ್ನು ಬೈಯುತ್ತಿದ್ದಳು, ಅವನು ನಗುತ್ತ ದಿನಾ ಅವಳ ಪಕ್ಕವೇ ಬಂದು ಕೂರುತ್ತಿದ್ದ.

ಸಂಪಿನ ಹತ್ತನೆಯ ದಿನ ಭಾವುಸಾಹೇಬರು ಎಲ್ಲರಿಗೂ ಕಾರ್ಡು ಕೊಡಲು ಒಪ್ಪಿದರು. ಕಾಂಡಿಯವರಿಗೂ. ಶರತ್ತು ಒಂದೇ, ರಾಜಕುಮಾರ ಆ ಗಲ್ಲಿಯಲ್ಲಿ ಇನ್ನು ಯಾವ ಮಗ್ಗದ ಮೇಲೂ ದುಡಿಯಬಾರದು. ಗಂಡಸರು ಅರ್ಧ ತಾಸಿನಲ್ಲಿ ಹೂಂ ಅಂದರು. ಸಪನಾ ಸಂಘದ ಕೋಣೆಗೆ ಹೋಗಿ ಎಲ್ಲರನ್ನೂ ನಿಲ್ಲಿಸಿ ಬೈದಳು. ರಾಜಕುಮಾರನೇ ಅವಳನ್ನು ಹೊರಗೆ ಕರೆದ.

“ನನ್ನ ಸಲುವಾಗಿ ಸಂಪ ಎಳೀಬ್ಯಾಡ್ರಿ, ಕಾರ್ಡ ಹೋಗ್ತಾವ. ನಾ ಶಿರೋಳಿ ಊರಿನ ಫೌಂಡ್ರಿಗೆ ಕೆಲಸಕ್ಕ ಹೊಂಟೇನಿ. ಲಗ್ನಾ ಆಗಿ... ನೀವೂ ಬರ್ತೀರೇನು?”

 ಹೌದು ಅನ್ನು ಎಂದಿತು ಸಪನಾಳ ಮನಸ್ಸು.

“ಬರಂಗಿಲ್ಲ. ನಾ ಹೋದ್ರ ಈ ಮಂದಿ ಹನ್ನೊಂದೂ ಹೆಸರು ಪಟ್ಟಿಯಿಂದ ಕಾಟು ಹಾಕ್ತಾರ.”

ಅವನು ತಲೆಯಾಡಿಸಿ ಹೊರಟ.

“ನಿಲ್ಲರಿ. ಒಲ್ಲೆ ಅಂದಿಲ್ಲ ನಾ. ಶುಕ್ಕರವಾರಕ್ಕೊಮ್ಮೆ ಬರ್ರಿ.”

“ಬಂದು?”

“ಬೈಸ್ಕೊಳ್ರಿ. ಇನ್ಯಾರ ಮ್ಯಾಲೂ ನನಗ ಇಷ್ಟು ಸಿಟ್ಟು ಬರಂಗಿಲ್ಲ.”

“ಜನ್ಮಪೂರ್ತಿ ಬೈಯ್ರಿ,” ಅಂದ ಅವನು, ಮೆಲ್ಲಗೆ.

ಕಾರ್ಡುಗಳು ಕೈಗೆ ಬಂದದ್ದು ಭಾನುವಾರ. ನಾಗೂಬಾಯಿಯದೂ ಸೇರಿ ಹನ್ನೊಂದೂ ಇದ್ದವು. ರಾಜಕುಮಾರ ಸೋಮವಾರ ಬೆಳಗಿನ ಬಸ್ಸಿಗೆ ಇಚಲಕರಂಜಿ ಬಿಟ್ಟ.