ಒಂದೇ ಹಾಳೆಯ ಇಬ್ಬರು

"ಒಬ್ಬರಿಗೇ ಪರ್ಮಿಟ್ ಕೊಡಲ್ಲಮ್ಮ. ಜೊತೆಗೆ ಯಾರಿದ್ದಾರೆ?"

ಕಚೇರಿಯ ಕಿಟಕಿಯೊಳಗಿಂದ ಗುಮಾಸ್ತರು ಹೀಗೆ ಕೇಳಿದಾಗ ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆಚೆಯ ಕಣಿವೆಗೆ ಹೋಗಬೇಕಾದರೆ ಇಬ್ಬರಿರಬೇಕು, ಇಬ್ಬರ ಹೆಸರೂ ಒಂದೇ ಹಾಳೆಯಲ್ಲಿರಬೇಕು, ಗೇಟನ್ನು ಒಟ್ಟಿಗೇ ದಾಟಬೇಕು. ಹೊಲಿಗೆ ಅಂಗಡಿಯ ಹುಡುಗಿಗೆ ಈ ನಿಯಮ ಎಲ್ಲಿ ಗೊತ್ತು? ಅವಳಿಗೆ ಗೊತ್ತಿದ್ದದ್ದು ಒಂದೇ. ಕಣಿವೆಯಲ್ಲಿ ಅಕ್ಕನಿಗೆ ದಿನ ತುಂಬಿದೆ. ಚೊಚ್ಚಲ ಹೆರಿಗೆ, ನೋಡಿಕೊಳ್ಳಲು ತಾಯಿಯಿಲ್ಲ.

"ನಾನಿದ್ದೀನಿ," ಎಂದಿತು ಬೆನ್ನ ಹಿಂದಿನ ದನಿ.

ತಿರುಗಿ ನೋಡಿದಳು. ಅಪರಿಚಿತ. ಕೈಯಲ್ಲೊಂದು ಕನ್ನಡಕದ ಡಬ್ಬಿ. ಕನ್ನಡಕ ಮಾಡುವುದೇ ಅವನ ಕಸುಬಂತೆ. ಸಾಕಿ ಬೆಳೆಸಿದ ದೊಡ್ಡಮ್ಮ ಕಣಿವೆಯಲ್ಲಿದ್ದಾರೆ, ಅವರಿಗೆ ಕಣ್ಣು ಮಂಜಾಗಿದೆ. ಅವನೂ ಜೋಡಿಯಿಲ್ಲದೆ ಎರಡು ಸಲ ವಾಪಸಾಗಿದ್ದ.

ಕಾಗದದ ಮೇಲೆ ಹೀಗೆ ಜೋಡಿಯಾಗುವುದು ಅಲ್ಲಿ ಹೊಸತೇನಲ್ಲ. ಇಬ್ಬರೂ ಸಹಿ ಹಾಕಿದರು. ಘಟ್ಟದ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತರೆ ತನಗೆ ವಾಂತಿಯಾಗುತ್ತದೆ ಎಂದು, ಕೇಳದಿದ್ದರೂ ಹೇಳಿಬಿಟ್ಟಳು. ಅವನು ನಕ್ಕ. ಹಾಳೆ ನಿಮ್ಮ ಹತ್ತಿರಾನೇ ಇರಲಿ, ನಾಳೆ ಬೆಳಿಗ್ಗೆ ಏಳಕ್ಕೆ ಜೀಪ್ ಸ್ಟ್ಯಾಂಡಿನಲ್ಲಿ ಸಿಗೋಣ ಎಂದ.

ಏಳಾಯಿತು. ಏಳೂವರೆಯಾಯಿತು. ಅವನ ಸುಳಿವಿಲ್ಲ.

"ಪೇಪರ್ ಜೋಡಿ ತಾನೇ? ಸಹಿ ಬಿದ್ದ ಮೇಲೆ ಅರ್ಧ ಜನ ಮುಖಾನೇ ತೋರ್ಸಲ್ಲ ತಾಯಿ," ಎಂದ ಜೀಪಿನ ಡ್ರೈವರ್.

ಹೌದೇನೋ... ಎಂದುಕೊಂಡಳು. ಕಣ್ಣ ಮುಂದೆ ನೋವು ತಿನ್ನುತ್ತಿರುವ ಅಕ್ಕ. ಹತ್ತಿಬಿಟ್ಟಳು.

ಗೇಟಿನಲ್ಲಿ ಕಾವಲುಗಾರ ಇನ್ನೊಬ್ಬರೆಲ್ಲಿ ಎಂದು ಕೇಳಿದ. ಹಿಂದಿನ ಜೀಪಿನಲ್ಲಿ ಬರ್ತಿದ್ದಾರೆ ಎಂದಳು. ಆಡಿದ್ದು ಒಂದೇ ಸುಳ್ಳು. ಅವನು ಆಕಳಿಸುತ್ತಾ ಎರಡೂ ಹೆಸರಿನ ಮುಂದೆ 'ಒಳಗೆ' ಎಂದು ಗೀಚಿದ.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಮೂರು ವಾರ ಬಾಣಂತನ ಮಾಡಿ, ಮುಂದಿನ ತಿಂಗಳು ಮತ್ತೆ ಬರುತ್ತೇನೆಂದು ಮಾತು ಕೊಟ್ಟು ಹೊರಟಳು. ಗೇಟಿಗೆ ಬಂದರೆ ಅದೇ ಕಾವಲುಗಾರ ಕೆಂಡವಾಗಿದ್ದ.

ಅವತ್ತು ಆ ಕನ್ನಡಕದವನು ಬಂದಿದ್ದನಂತೆ! ಅವಳು ಕೆಳಗಿನ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಅವನು ಮೇಲಿನ ಸ್ಟ್ಯಾಂಡಿನಲ್ಲಿದ್ದ. ಜೀಪಿನ ಮುಂದಿನ ಸೀಟಿಗೆ ಟವೆಲ್ ಹಾಸಿಕೊಂಡು, 'ಒಬ್ಬರಿಗೆ ವಾಂತಿಯಾಗುತ್ತೆ, ಬರ್ತಾರೆ' ಎನ್ನುತ್ತಾ ಮೂರು ಜೀಪು ಬಿಟ್ಟುಕೊಟ್ಟನಂತೆ. ಕೊನೆಗೆ ನಡೆದೇ ಗೇಟಿಗೆ ಬಂದರೆ, ಪುಸ್ತಕದ ಪ್ರಕಾರ ಅವನು ಆಗಲೇ ಒಳಗಿದ್ದಾನೆ! ಒಳಗಿರುವವನನ್ನು ಒಳಗೆ ಬಿಡುವುದು ಹೇಗೆ? ಹೊರಗೆ ಬಾರದವನಿಗೆ ಹೊಸ ಪರ್ಮಿಟ್ ಕೊಡುವುದು ಹೇಗೆ? ಕಚೇರಿಯಲ್ಲಿ ಅವನ ಹೆಸರು 'ಕಣಿವೆಯಲ್ಲಿ ನಾಪತ್ತೆ' ಎಂದು ಸೇರಿಹೋಗಿತ್ತು.

ಅವಳಿಗೆ ನೆಲ ಬಿರಿಯಬಾರದೇ ಎನ್ನಿಸಿತು.

ಮರುದಿನ ಅವನ ಅಂಗಡಿಯ ಮುಂದೆ ಮೂರು ಸಲ ಹೋದಳು, ಮೂರು ಸಲವೂ ತಲೆ ತಗ್ಗಿಸಿ ದಾಟಿದಳು. ಗಾಜಿನ ಹಿಂದೆ ಅವನು ತಲೆಬಾಗಿ ಏನನ್ನೋ ಉಜ್ಜುತ್ತಿದ್ದ. ಪಕ್ಕದಲ್ಲಿ ಅದೇ ಡಬ್ಬಿ.

ನನಗೆ ಒಂದು ಗಂಟೆ ಕಾಯಲಾಗಲಿಲ್ಲ. ಆ ದೊಡ್ಡಮ್ಮ ಮೂರು ವಾರದಿಂದ ಮಂಜಿನಲ್ಲಿ ಕೂತಿದ್ದಾರೆ... ಎಂದುಕೊಂಡಳು.

ಕಚೇರಿಗೆ ಹೋದಳು. ಗುಮಾಸ್ತರು ಮೊದಲೇ ಎಚ್ಚರಿಸಿದರು. ಸುಳ್ಳು ಹೇಳಿದ್ದೆ ಎಂದು ಬರೆದುಕೊಟ್ಟರೆ ಅವನ ಹೆಸರು ಬಿಡುಗಡೆಯಾಗುತ್ತದೆ, ಆದರೆ ಅವಳಿಗೆ ಒಂದು ವರ್ಷ ಕಣಿವೆ ಬಂದ್. ಅಕ್ಕನ ಮಗುವಿನ ಪುಟ್ಟ ಮುಷ್ಟಿ ನೆನಪಾಯಿತು. ಪೆನ್ನು ತೆಗೆದುಕೊಂಡಳು.

ಬರೆದದ್ದನ್ನು ಜೋರಾಗಿ ಓದಿ ಎಂದರು ಗುಮಾಸ್ತರು. ಅದೂ ನಿಯಮವಂತೆ. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. 'ಜೊತೆಗಾರರು ಬರುತ್ತಿದ್ದಾರೆಂದು ನಾನು ಸುಳ್ಳು ಹೇಳಿದೆ, ಅವರದು ಏನೂ ತಪ್ಪಿಲ್ಲ' ಎಂದು ಓದುವಷ್ಟರಲ್ಲಿ ದನಿ ಒಡೆಯಿತು. ತಲೆಯೆತ್ತಿದರೆ ಸಾಲಿನ ಕೊನೆಯಲ್ಲಿ ಅವನು!

ಮುಖ ಮುಚ್ಚಿಕೊಂಡು ಹೊರಗೋಡಿ ಮೆಟ್ಟಿಲ ಮೇಲೆ ಕೂತಳು. ಅವನು ಬಂದು ಪಕ್ಕದಲ್ಲಿ ಕೂತ.

"ಮೇಲಿನ ಸ್ಟ್ಯಾಂಡು ಅಂತ ನಾನು ಹೇಳಲೇ ಇಲ್ಲ ಅಲ್ವಾ?"

"ನೀವು ಬೈದುಬಿಡಿ. ಹೀಗೆ ಮಾತಾಡಿದ್ರೆ ನನಗಿನ್ನೂ ನಾಚಿಕೆಯಾಗುತ್ತೆ."

"ಬೈಬೇಕು ಅಂತಾನೇ ಮೂರು ವಾರ ಕಾದೆ. ಈಗ ಮರ್ತೇಹೋಯ್ತು."

ಅಂಚೆಯವನನ್ನು ಜೊತೆಗೆ ಹಾಕಿಕೊಂಡು ಅವನು ಕಣಿವೆಗೆ ಹೋಗಿ ಬಂದ. ಅವಳು ಹೊಲಿದ ಕುಲಾವಿಯನ್ನು ಅಕ್ಕನಿಗೆ ತಲುಪಿಸಿದ. ಕನ್ನಡಕ ಹಾಕಿಕೊಂಡ ದೊಡ್ಡಮ್ಮ ಮೊದಲು ನೋಡಿದ್ದು ಅವನ ಮುಖವಂತೆ, ಎಷ್ಟು ಸೊರಗಿದ್ದೀಯೋ ಎಂದು ಗದರಿದರಂತೆ. ಮುಂದೆ ತಿಂಗಳಿಗೊಮ್ಮೆ ಹೋದ. ಬಂದಾಗಲೆಲ್ಲ ನೇರ ಹೊಲಿಗೆ ಅಂಗಡಿಗೆ. ಮಗು ಮಗುಚಿತು, ಹಲ್ಲು ಬಂತು, ನಿಂತಿತು. ಅವಳು ತಲೆ ತಗ್ಗಿಸಿಯೇ ಕೇಳುತ್ತಿದ್ದಳು, ಮೆಷಿನ್ನು ಮಾತ್ರ ನಿಂತಿರುತ್ತಿತ್ತು.

ವರ್ಷ ಕಳೆಯಿತು. ಅದೇ ಕಿಟಕಿ, ಅದೇ ಗುಮಾಸ್ತರು. ಮುದ್ರೆ ಬಿದ್ದ ಹಾಳೆಯನ್ನು ಅವನು ಅವಳ ಕೈಗಿಟ್ಟ.

"ನಿಮ್ಮ ಹತ್ತಿರಾನೇ ಇರ್ಲಿ."

ಅವಳ ಕಣ್ಣು ತುಂಬಿತು. "ನನ್ನ ಹತ್ರಾನಾ? ಮತ್ತೆ ಬಿಟ್ಟು ಹೋದ್ರೆ?"

"ಹೋಗಿ. ನಾನು ಮುಂದಿನ ಸೀಟಿಗೆ ಟವೆಲ್ ಹಾಸ್ಕೊಂಡು ಕೂತಿರ್ತೀನಿ."

"ಎಷ್ಟು ಹೊತ್ತು?"

"ನೀವು ಬರೋವರೆಗೂ."

ಅವಳು ಹಾಳೆಯನ್ನು ಮಡಚಿ, ಅವನ ಅಂಗೈಯಲ್ಲಿಟ್ಟು, ತನ್ನ ಕೈಯನ್ನೂ ಅಲ್ಲೇ ಬಿಟ್ಟಳು.

"ಇಬ್ಬರೂ ಹಿಡ್ಕೊಳ್ಳೋಣ," ಎಂದಳು. ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು.