ಪಿನ್ ಕಣಿವೆಗೆ ಹೊರಟ ಬೂಟು

ಪುಂಜಾಲಕಟ್ಟೆಯ ಆ ಮನೆಗೆ ಕಳ್ಳ ನುಗ್ಗಿದ್ದು ಶನಿವಾರ ಬೆಳಿಗ್ಗೆ ಗೊತ್ತಾಯಿತು. ಹೋದದ್ದು ಒಂದು ಜೊತೆ ಬೂಟು. ಅಷ್ಟೇ.

ಮನೆಯೊಡತಿ ಶಶಿಪ್ರಭಾ ನಿವೃತ್ತ ಎಎಸ್‌ಐ. ಸರ್ವಿಸಿನುದ್ದಕ್ಕೂ ಊರವರ ಕೋಳಿ, ಬೈಕು, ಕರಿಮಣಿ ಹುಡುಕಿಕೊಟ್ಟವಳು. ಈಗ ತನ್ನದೇ ಕಪಾಟಿನ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ನೀವು ತೆಗೆದಿರಾ?"

ಗಂಡ ಸುಧಾಕರ ಹೋಟೆಲಿಗೆ ಹೊರಟಿದ್ದ. "ನನಗೆ ಎಂತಕ್ಕೆ ಮಾರಾಯ್ತಿ ನಿನ್ನ ಬೂಟು?"

ಬೀಗ ಮುರಿದಿರಲಿಲ್ಲ. ಬೆಳ್ಳಿಯ ದೀಪ ಇದ್ದಲ್ಲೇ ಇತ್ತು. ಲ್ಯಾಪ್‌ಟಾಪ್ ಮೇಜಿನ ಮೇಲೆ ಆರಾಮವಾಗಿತ್ತು. ಪೊಲೀಸ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ಅವಳು ಮನೆಯಿಡೀ ಸುತ್ತಿದಳು. ಕಸದ ಬುಟ್ಟಿಯಲ್ಲಿ ಪೇಪರಿನ ಉಂಡೆಗಳು ಸಿಕ್ಕಿದವು. ತೇವ ಹೀರಲಿ ಎಂದು ಅವಳೇ ಬೂಟಿನೊಳಗೆ ತುರುಕಿದ್ದವು. ಕಳ್ಳ ಅವನ್ನು ಒಂದೊಂದಾಗಿ ತೆಗೆದು ಹಾಕಿದ್ದ.

ಆಮೇಲೆ ಅಡುಗೆಮನೆಗೆ ಓಡಿ ಫ್ರಿಜ್ಜಿನ ಹಿಂದೆ ಕೈ ಹಾಕಿದಳು. ಮಳೆಗಾಲದಲ್ಲಿ ಆ ಬೆಚ್ಚಗಿನ ಸಂದಿಯೇ ಇವರ ಬಿಸಿಲು. ಎಡಬೂಟಿನ ಒಳಅಟ್ಟೆಯನ್ನು ಅಲ್ಲಿ ಒಣಗಲು ಇಟ್ಟಿದ್ದಳು. ಅದೂ ಇರಲಿಲ್ಲ.

ಶಶಿಪ್ರಭಾ ನೆಲದ ಮೇಲೇ ಕುಳಿತುಬಿಟ್ಟಳು. ಒಮ್ಮೆ ಬಂದೋಬಸ್ತಿನ ಗಲಾಟೆಯಲ್ಲಿ ಜೀಪಿನ ಚಕ್ರ ಅವಳ ಎಡಪಾದದ ಮೇಲೆ ಹರಿದಿತ್ತು. ಅಂದಿನಿಂದ ಅಂಗಡಿಯ ಯಾವ ಬೂಟೂ ಆ ಕಾಲಿಗೆ ಹಿಡಿಸದು. ಇದನ್ನು ಮೂಡುಬಿದಿರೆಯ ಚಿನ್ನಯ್ಯ ಅಳತೆ ತೆಗೆದು, ತಿದ್ದಿ ತಿದ್ದಿ ಹೊಲಿದಿದ್ದ. ಮಂಗಳವಾರ ವಿಮಾನ.

*

ಹೊರಟದ್ದು ಪಿನ್ ಕಣಿವೆಗೆ. ಹಿಮಾಚಲದ ಸ್ಪಿತಿಯಲ್ಲಿರುವ ರಾಷ್ಟ್ರೀಯ ಉದ್ಯಾನ. ಹೆಸರಿಗೆ ಉದ್ಯಾನ, ಹೂವಿನ ಕುಂಡ ಬೆಂಚು ಏನೂ ಇಲ್ಲ. ಬೋಳು ಬೆಟ್ಟ, ಹಿಮ, ಬಂಡೆಯ ಮೇಲೆ ಕಾಡುಮೇಕೆ. ದೆಹಲಿಯವರೆಗೆ ವಿಮಾನ, ಆಮೇಲೆ ಬಸ್ಸು, ಕೊನೆಗೆ ಜೀಪು. ಮುದ್ ಎಂಬ ಹಳ್ಳಿಯಿಂದ ಮುಂದೆ ಕಾಲೇ ಗತಿ.

ಆಸೆ ಹುಟ್ಟಿದ್ದು ಮೂಡುಬಿದಿರೆಯ ಹಾಸ್ಟೆಲಿನಲ್ಲಿ. ದೊಡ್ಡ ಪರ್ವತಗಳ ಆಚೆ ಮಳೆಯ ಮೋಡ ದಾಟುವುದಿಲ್ಲ ಎಂದು ಭೂಗೋಳದ ಮೇಷ್ಟ್ರು ಪಾಠ ಮಾಡಿದ್ದರು. ಹಸಿ ಲಂಗ ಉಟ್ಟು ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು. ಒಬ್ಬಳು ಶಶಿಪ್ರಭಾ. ಇನ್ನೊಬ್ಬಳು ನಾರಾವಿಯ ನೀಲಾವತಿ.

"ಒಮ್ಮೆ ಅಲ್ಲಿಗೆ ಹೋಗಿ ಬಟ್ಟೆ ಒಣಗಿಸುವ," ಎಂದಿದ್ದಳು ನೀಲಾವತಿ.

ಆಮೇಲೆ ಮದುವೆ, ಮಕ್ಕಳು, ವರ್ಗಾವಣೆ. ನೀಲಾವತಿಗೆ ರಬ್ಬರ್ ತೋಟ, ಗಂಡನ ಕಾಯಿಲೆ, ಗಂಡನ ಸಾವು. ಪ್ರತಿ ಜುಲೈಯಲ್ಲೂ ಇಬ್ಬರಲ್ಲೊಬ್ಬಳು ಫೋನ್ ಮಾಡಿ, "ಬಟ್ಟೆ ಒಣಗ್ಲೇ ಇಲ್ಲ ಮಾರಾಯ್ತಿ," ಎನ್ನುತ್ತಿದ್ದಳು. ಆ ಮಾತಿನ ಅರ್ಥ ಅವರಿಬ್ಬರಿಗೇ ಗೊತ್ತು. ಈ ವರ್ಷ ಕೊನೆಗೂ ಟಿಕೆಟ್ ಆಗಿತ್ತು. ಬೇಸಿಗೆಯಿಡೀ ಭಾನುವಾರ ಭಾನುವಾರ ಗಡಾಯಿಕಲ್ಲಿನ ಬಂಡೆಗುಡ್ಡ ಹತ್ತಿ ಕಾಲು ಪಳಗಿಸಿದ್ದರು. ಶಶಿಪ್ರಭಾಗೆ ಆ ಕಣಿವೆ ನಿದ್ದೆಯಲ್ಲೂ ಕಾಣುತ್ತಿತ್ತು. ನೋಡದ ಊರಿಗಾಗಿ ಮನುಷ್ಯರಿಗೆ ಇಷ್ಟು ಹಂಬಲ ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ.

*

ಹಿಂದಿನ ದಿನ ಗಂಡಹೆಂಡತಿ ಮಾಣಿ ಎಂಬ ಊರಿಗೆ ಗೃಹಪ್ರವೇಶಕ್ಕೆ ಹೋಗಿದ್ದರು. ಕೀ ಎಂದಿನಂತೆ ಪಕ್ಕದ ಮನೆಯ ಜೈನಬಮ್ಮನ ಬಳಿ.

"ಜೈನಬಮ್ಮ, ನಿನ್ನೆ ಮನೆಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಬರ್ಲಿಲ್ಲ. ನಾನು ಇಲ್ಲೇ ಜಗಲಿಯಲ್ಲಿ ಕೂತಿದ್ದೆ ಅಲ್ವಾ?"

"ನಾಯಿ?"

"ನಾಯಿ ಬೀಗ ತೆಗೀತದಾ ಶಶಿಯಕ್ಕಾ?"

ಅದೂ ಸರಿಯೇ. ಶಶಿಪ್ರಭಾ ನೀಲಾವತಿಗೆ ಫೋನ್ ಮಾಡಿದಳು. ಬೂಟು ಹೋದ ಸುದ್ದಿ ಹೇಳಿದಳು.

"ನೀಲಾ, ಕೇಳ್ತಾ ಉಂಟಾ?"

"ಉಂಟು. ಪಾಪ... ಹಾಗಾದ್ರೆ ಬರುವ ವರ್ಷ ಹೋಗುವ. ಎಂತ ಮಾಡ್ಲಿಕ್ಕಾಗ್ತದೆ?"

ಸಮಾಧಾನದ ಮಾತು. ಆದರೂ ಶಶಿಪ್ರಭಾಗೆ ಸಮಾಧಾನವಾಗಲಿಲ್ಲ. ಬಸ್ಸು ಹತ್ತಿ ಮೂಡುಬಿದಿರೆಗೆ ಹೋದಳು.

ಚಿನ್ನಯ್ಯ ತಲೆ ಅಲ್ಲಾಡಿಸಿದ. "ಮಂಗಳವಾರಕ್ಕೆ ಆಗುವುದಿಲ್ಲ ಅಮ್ಮ. ಮಾಡಿಕೊಟ್ರೂ ಹೊಸ ಬೂಟು ನಿಮ್ಮ ಕಾಲು ತಿಂದೀತು."

"ಯಾರು ಕದ್ದಿರಬಹುದು ಚಿನ್ನಯ್ಯ?"

"ಕದ್ದು ಎಂತ ಮಾಡ್ತಾರೆ? ನಿಮ್ಮ ಕಾಲಿಗೆ ಬಿಟ್ರೆ ಯಾರಿಗೂ ಆಗ್ಲಿಕ್ಕಿಲ್ಲ. ಈ ಮಳೆಗೆ ಎಲ್ಲಿ ಅಡಗಿಸಿಟ್ರೂ ಬೂಸ್ಟು ಹಿಡಿದು ಹಾಳಾಗ್ತದೆ."

*

ಸಂಜೆ ಮನೆಗೆ ಬಂದಾಗ ಸುಧಾಕರ ಹಿತ್ತಿಲಲ್ಲಿ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದ.

"ಅವಳಿಗೆ ಗೊತ್ತಾಗ್ಬಾರ್ದು ಜಿತೇಶ್. ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಿದ್ದೇನೆ."

ಜಿತೇಶ್ ಮಗ, ದುಬೈಯಲ್ಲಿದ್ದಾನೆ. ಈ ವಯಸ್ಸಿನಲ್ಲಿ ಅಮ್ಮನಿಗೆ ಪರ್ವತ ಎಂತಕ್ಕೆ ಎಂದು ಮೊದಲಿನಿಂದ ಹಟ ಹಿಡಿದವನು. ಅಪ್ಪ ಮಗ ಸೇರಿ ಮಾಡಿದ ಕೆಲಸವೇ ಇದು? ಶಶಿಪ್ರಭಾ ಸ್ಕೂಟರಿನ ಕೀ ತಂದು ಡಿಕ್ಕಿ ತೆರೆದಳು.

ಒಳಗೆ ಒಂದು ಚೀಲ. ಚೀಲದೊಳಗೆ ದಪ್ಪ ಉಣ್ಣೆಯ ಕಾಲುಚೀಲ, ಟೋಪಿ, ಸಣ್ಣ ಥರ್ಮಾಸ್.

ಸುಧಾಕರ ಹಿಂದೆ ಬಂದು ನಿಂತಿದ್ದ. "ಹುಡುಗ ಆರಿಸಿದ್ದು. ನಾನು ಮಂಗಳೂರಿಂದ ತಂದೆ. ಏರ್‌ಪೋರ್ಟಿನಲ್ಲಿ ಕೊಡುವ ಅಂತ ಇತ್ತು."

"ಅವನಿಗೆ ನಾನು ಹೋಗುವುದು ಇಷ್ಟ ಇರ್ಲಿಲ್ಲ ಅಲ್ವಾ?"

"ಇಷ್ಟ ಈಗಲೂ ಇಲ್ಲ. ಆದ್ರೆ ಅಮ್ಮನ ಕಾಲು ತಣ್ಣಗಾಗ್ಬಾರ್ದಂತೆ."

ಶಶಿಪ್ರಭಾಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಅಳು ಬಂತು. ಆ ಕಾಲುಚೀಲವನ್ನು ಯಾವ ಬೂಟಿನೊಳಗೆ ತುರುಕುವುದು?

ಅವಳು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಪಕ್ಕ ನಿಂತಳು. ಬಹಳ ಹೊತ್ತು ನಿಂತಳು. ಮತ್ತೆ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ನಡೆದಳು.

"ಜೈನಬಮ್ಮ, ನಿನ್ನೆ ನೀಲಾವತಿ ಬಂದಿದ್ಳಾ?"

"ಹೌದು, ಬಂದಿದ್ರು. ಕೀ ತೆಕ್ಕೊಂಡು ಹೋಗಿ, ಸ್ವಲ್ಪ ಹೊತ್ತಲ್ಲಿ ಕೊಟ್ಟು ಹೋದ್ರು."

"ಬೆಳಿಗ್ಗೆ ಯಾರೂ ಬರ್ಲಿಲ್ಲ ಅಂದ್ರಿ!"

ಜೈನಬಮ್ಮ ಕಣ್ಣು ಪಿಳಿಪಿಳಿ ಬಿಟ್ಟರು. "ಹೌದು, ಯಾರೂ ಬರ್ಲಿಲ್ಲ. ನೀಲಾವತಿಯಕ್ಕ ನಿಮ್ಮ ಮನೆಯವರೇ ಅಲ್ವಾ?"

*

ಭಾನುವಾರ ಬೆಳಿಗ್ಗೆ ಶಶಿಪ್ರಭಾ ನಾರಾವಿಯಲ್ಲಿ ಇಳಿದಳು. ಮಳೆ ಸಣ್ಣಗೆ ಜಿನುಗುತ್ತಿತ್ತು. ನೀಲಾವತಿಯ ಮನೆಯ ಹಿಂದೆ ರಬ್ಬರ್ ಹಾಳೆ ಒಣಗಿಸುವ ಹೊಗೆಕೋಣೆ. ಅದರ ಮಾಡಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ನೀಲಾವತಿ ಜಗಲಿಯಲ್ಲೇ ಇದ್ದಳು. ಗೆಳತಿಯನ್ನು ಕಂಡು ಎದ್ದಳು. ನಗಲಿಲ್ಲ.

"ಟ್ಯಾಪಿಂಗ್ ನಡೀತಾ ಉಂಟಾ?" ಶಶಿಪ್ರಭಾ ಕೇಳಿದಳು.

"ಈ ಮಳೆಗೆ ರಬ್ಬರ್ ಹಾಲು ತೆಗೀಲಿಕ್ಕೆ ಆಗ್ತದಾ? ನಿಲ್ಲಿಸಿ ತುಂಬಾ ದಿನ ಆಯ್ತು."

"ಮತ್ತೆ ಹೊಗೆ ಯಾರಿಗೆ?"

ಶಶಿಪ್ರಭಾ ನೇರ ಹೋಗಿ ಹೊಗೆಕೋಣೆಯ ಬಾಗಿಲು ನೂಕಿದಳು. ಬಿದಿರಿನ ಗಳುಗಳು ಖಾಲಿ. ಒಂದೇ ಒಂದು ಹಾಳೆ ಇಲ್ಲ. ಬೆಂಕಿಯಿಂದ ದೂರದ ಮೂಲೆಯಲ್ಲಿ ಬೂಟುಗಳು ಲೇಸಿನಲ್ಲಿ ನೇತಾಡುತ್ತಿದ್ದವು. ಪಕ್ಕದಲ್ಲಿ ಒಳಅಟ್ಟೆ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಬೂಸ್ಟಿನ ಒಂದು ಚುಕ್ಕೆಯೂ ಇರಲಿಲ್ಲ.

"ಹೇಗೆ ಗೊತ್ತಾಯ್ತು?" ಹಿಂದಿನಿಂದ ನೀಲಾವತಿ ಕೇಳಿದಳು.

"ನನ್ನನ್ನು ತಡೆಯುವವನಿಗೆ ಬೂಟು ಸಾಕಿತ್ತು. ನೀನು ಅಟ್ಟೆಯನ್ನೂ ಹುಡುಕಿ ತೆಗೆದೆ. ಅಟ್ಟೆ ಇಲ್ಲದೆ ಆ ಬೂಟು ನನಗೆ ಆಗುವುದಿಲ್ಲ. ಅಂದ್ರೆ ಕಳ್ಳನಿಗೆ ನಾನು ಅದನ್ನು ಮತ್ತೆ ಹಾಕ್ಬೇಕು ಅಂತ ಇತ್ತು. ಒದ್ದೆ ಪೇಪರನ್ನೂ ನೀನೇ ತೆಗೆದು ಹಾಕಿದ್ದೆ. ಕಳ್ಳರು ಹಾಗೆ ಮಾಡ್ತಾರಾ? ಫ್ರಿಜ್ಜಿನ ಹಿಂದೆ ಕೈ ಹಾಕ್ಬೇಕಾದ್ರೆ ನನ್ನ ಅಡುಗೆಮನೆಯಲ್ಲಿ ಓಡಾಡಿದವಳೇ ಆಗ್ಬೇಕು. ಈ ಮಳೆಗೆ ಚರ್ಮ ಉಳಿಯುವ ಜಾಗ ಹೊಗೆಕೋಣೆ ಒಂದೇ. ನಾನು ಹೋಗ್ಬೇಕು, ಆದ್ರೆ ಈಗ ಹೋಗ್ಬಾರ್ದು. ಹಾಗೆ ಯಾರಿಗೆ ಅನಿಸ್ತದೆ? ಬರುವ ವರ್ಷ ಹೋಗುವ ಅಂದದ್ದು ನೀನೊಬ್ಳೇ." ಶಶಿಪ್ರಭಾಳ ದನಿ ಅಲ್ಲಿಯವರೆಗೆ ಪೊಲೀಸ್ ದನಿಯಾಗಿತ್ತು. ಅಲ್ಲಿಗೆ ಮುರಿಯಿತು. "ಯಾಕೆ ನೀಲಾ?"

ನೀಲಾವತಿ ಬಾಗಿಲ ಹೊಸ್ತಿಲಲ್ಲಿ ಕುಳಿತಳು.

"ಕೊನೆಗೆ ಗಡಾಯಿಕಲ್ಲು ಹತ್ತಿದಾಗ ಅರ್ಧದಲ್ಲಿ ಕೂತೆ. ಮೊಣಕಾಲು ನೋವು ಅಂದೆ, ನೆನಪುಂಟಾ? ಮೊಣಕಾಲಲ್ಲ. ಮಂಗಳೂರಿನ ಡಾಕ್ಟ್ರಿಗೆ ತೋರಿಸಿದೆ. ಹೃದಯದ ವಾಲ್ವಂತೆ. ಆ ಎತ್ತರಕ್ಕೆ ಇನ್ನು ಹೋಗ್ಲೇಬಾರ್ದು ಅಂದ್ರು."

"ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೇಳಿದ್ರೆ ನೀನು ಟಿಕೆಟ್ ಕ್ಯಾನ್ಸಲ್ ಮಾಡ್ತಿ ಅಂತ ಹೆದರಿಕೆ. ಮಾಡದೆ ಒಬ್ಳೇ ಹೋದ್ರೆ?" ಅವಳು ಮುಖ ತಿರುಗಿಸಿದಳು. "ಅದು ಇನ್ನೂ ದೊಡ್ಡ ಹೆದರಿಕೆ. ಒಂದು ವರ್ಷ ಸಿಕ್ಕಿದ್ರೆ ಗುಣ ಆಗ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಬುದ್ಧಿ ಇಲ್ಲದ ಕೆಲಸ."

ಶಶಿಪ್ರಭಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪಕ್ಕದಲ್ಲಿ ಕುಳಿತಳು. ಅಷ್ಟು ಮಳೆಗಾಲ ಒಟ್ಟಿಗೆ ಆಸೆಪಟ್ಟದ್ದನ್ನು ಒಬ್ಬಳೇ ನೋಡುವುದು ಹೇಗೆ? ನೋಡದೆ ಇರುವುದು ಹೇಗೆ?

"ನಾನೂ ಹೋಗುವುದಿಲ್ಲ," ಎಂದಳು ಕೊನೆಗೆ.

"ನೀನು ಹೋಗ್ತಿ."

ನೀಲಾವತಿ ಎದ್ದು ಬೂಟು ಇಳಿಸಿದಳು. ಬಟ್ಟೆ ಬಿಚ್ಚಿ ಒಳಅಟ್ಟೆಯನ್ನು ಎಡಬೂಟಿನೊಳಗೆ ಕೂರಿಸಿ, ಬೆರಳಿನಿಂದ ಅಂಚು ಒತ್ತಿದಳು. ಗೆಳತಿಯ ಕಾಲಿಗೆ ತಾನೇ ತೊಡಿಸಿ ಲೇಸು ಕಟ್ಟಿದಳು. ಬೂಟು ಹೊಗೆಯ ವಾಸನೆ ಹೊಡೆಯುತ್ತಿತ್ತು. ಒಳಗೆ ಮಾತ್ರ ಗರಿಗರಿ ಒಣಗಿತ್ತು.

ಆಮೇಲೆ ಜಗಲಿಗೆ ಹೋದಳು. ಅಲ್ಲಿ ಹಗ್ಗದ ಮೇಲೆ ಅವಳ ನೀಲಿ ಶಾಲು. ವಾರದಿಂದ ಹಾಕಿದ್ದು, ಇನ್ನೂ ತಣ್ಣಗೆ ಹಸಿ. ಅದನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಶಶಿಪ್ರಭಾಳ ಕೈಗೆ ಕೊಟ್ಟಳು.

"ಹೊಗೆಕೋಣೆಯಲ್ಲಿ ಹಾಕ್ಬಹುದಿತ್ತಲ್ಲ ಇದನ್ನೂ?" ಶಶಿಪ್ರಭಾ ಕೇಳಿದಳು.

"ಬೇಡ," ಎಂದಳು ನೀಲಾವತಿ. "ಇದನ್ನು ಅಲ್ಲಿ ಒಣಗಿಸಿ ತಾ."